ಸೆಲ್ಫಿಗೆ ಸಿಕ್ಕ ಸಮಾಂತರ ಚತುರ್ಭುಜ

ಏಳನೇ ತರಗತಿಗೆ ಸಮಮಿತಿ ಕಲಿಸುವುದೆಂದರೆ ನನಗೆ ಬಲು ಇಷ್ಟ. ಒಂದಿಷ್ಟು ರಟ್ಟು, ಒಂದು ಕತ್ತರಿ ಇದ್ದರೆ ಮುಗಿಯಿತು. ತಾಪತ್ರಯ ಶುರುವಾಗುವುದು ಪಾಠದ ನಂತರ. ಈಗ ಪಾಠ ಮಾಡಿದರೆ ಸಾಲದು, ಅದರ ವಿಡಿಯೋ ಶಿಕ್ಷಣ ಇಲಾಖೆಯ ಸಾಹೇಬರಿರುವ ವಾಟ್ಸಾಪ್ ಗ್ರೂಪಿಗೆ ಹೋಗಬೇಕು. ಹೋಗದಿದ್ದರೆ ಪಾಠವೇ ಆಗಿಲ್ಲವೆಂದು ಲೆಕ್ಕ.

ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ಶಾಲೆಗೆ ಬರುವವರು ಹೆಚ್ಚಾಗಿ ಎಸ್ಟೇಟಿನ ಕೂಲಿಕಾರರ ಲೈನ್‌ಮನೆಗಳ ಮಕ್ಕಳು. ಆ ವರ್ಷ ಅಸ್ಸಾಮಿನಿಂದ ಕಾಫಿ ಕುಯ್ಲಿಗೆ ಬಂದವರ ಮಗಳೊಬ್ಬಳು ಸೇರಿದ್ದಳು. ಆಟದಲ್ಲೇ ಕನ್ನಡ ಕಲಿತಿದ್ದಳು, ಬರೆಯುವುದನ್ನೂ ರೂಢಿಸಿಕೊಂಡಿದ್ದಳು, ಆದರೆ ತರಗತಿಯಲ್ಲಿ ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ. ಅವಳ ಬಾಯಿ ಬಿಡಿಸಬೇಕೆಂಬುದೇ ನನ್ನ ಹಟವಾಗಿತ್ತು.

ಸಮಮಿತಿ ಪಾಠದ ದಿನ ತಾನಾಗಿಯೇ ಎದ್ದು ಬಂದಳು. ಬಿಸ್ಕತ್ತು ಡಬ್ಬದ ರಟ್ಟಿನಿಂದ ಕತ್ತರಿಸಿದ ಸಮಾಂತರ ಚತುರ್ಭುಜವನ್ನು ಬೋರ್ಡಿಗೆ ಒತ್ತಿಹಿಡಿದು ಸುತ್ತ ಗೆರೆ ಎಳೆದಳು. ಅರ್ಧ ಸುತ್ತು ತಿರುಗಿಸಿದಳು, ರಟ್ಟು ಗೆರೆಯೊಳಗೆ ಸರಿಯಾಗಿ ಕೂತಿತು. ಮಗುಚಿ ಇಟ್ಟಳು, ಮೂಲೆಗಳು ಹೊರಗೆ ಬಂದವು. ಪಕ್ಕದಲ್ಲಿ ಬರೆದಳು: ‘ತಿರುಗಿಸಿದರೆ ಕೂರುತ್ತದೆ. ಮಗುಚಿದರೆ ಕೂರುವುದಿಲ್ಲ.’ ನನಗೆ ಅವಳನ್ನು ಬಾಚಿ ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ನಮ್ಮ ಹೆಡ್‌ಮಾಸ್ಟರು ಫೋನ್ ಹಿಡಿದು ಒಳಗೆ ಬಂದರು. ಬೋರ್ಡಿಗೆ ಬೆನ್ನು ಹಾಕಿ, ಕೈ ಚಾಚಿ, ಸೆಲ್ಫಿ ವಿಡಿಯೋ ತೆಗೆದರು. ಮುಕ್ಕಾಲು ಭಾಗ ಅವರ ಮುಖ, ಹೆಗಲ ಹಿಂದೆ ಗಣಿತ. ಸಂಜೆಗೆ ಸಾಹೇಬರ ಉತ್ತರ ಬಂತು: ಮಗು ಅಕ್ಷರಗಳನ್ನು ಉಲ್ಟಾ ಬರೆದಿದೆ, ಸರಿಪಡಿಸಿ ಕಳಿಸಿ.

ಮರುದಿನ ಸ್ಟಾಫ್‌ರೂಮಿನಲ್ಲಿ ದೊಡ್ಡ ಸಂಶೋಧನೆ ನಡೆಯಿತು. ಹೆಡ್‌ಮಾಸ್ಟರು ಫೋನನ್ನು ಅಡ್ಡ ಹಿಡಿದರು, ತಲೆಕೆಳಗು ಹಿಡಿದರು. ಪಿ.ಟಿ. ಮಾಸ್ಟರು ತಮ್ಮ ಕತ್ತನ್ನೇ ತಿರುಗಿಸಿ ನೋಡಿದರು. ಅಕ್ಷರಗಳು ಮಾತ್ರ ಜಪ್ಪಯ್ಯ ಎಂದರೂ ನೆಟ್ಟಗಾಗಲಿಲ್ಲ. ಮುಂದಿನ ಕ್ಯಾಮೆರಾ ಚಿತ್ರವನ್ನು ಕನ್ನಡಿಯ ಹಾಗೆ ಮಗುಚಿದೆ, ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಹುಡುಗಿ ಬೋರ್ಡಿನ ಮೇಲೆ ಬರೆದದ್ದೂ ಅದನ್ನೇ ಎಂದೆ.

“ನೀವು ಪುಸ್ತಕದ್ದು ಹೇಳ್ತೀರಿ ಟೀಚರ್, ಇದು ಫೋನು,” ಎಂದರು ಹೆಡ್‌ಮಾಸ್ಟರು.

ಹಿಂದಿನ ಕ್ಯಾಮೆರಾದಲ್ಲಿ ತೆಗೆಯೋಣವೆಂದರೆ, ಆಗ ತಾವು ಎಲ್ಲಿ ಕಾಣುವುದು ಎಂಬ ಚಿಂತೆ. ಕೊನೆಗೆ ಅವರಿಗೇ ಒಂದು ಉಪಾಯ ಹೊಳೆಯಿತು. ಹುಡುಗಿ ಬೋರ್ಡಿನ ಮೇಲೆ ಉಲ್ಟಾ ಬರೆದರೆ ವಿಡಿಯೋದಲ್ಲಿ ಸರಿಯಾಗಿ ಕಾಣುತ್ತದಲ್ಲ. ತಕ್ಷಣ ತರಗತಿಗೆ ಬಂದು ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಹಾಗೇ ಬರೆಯಲು ಹೇಳಿದರು.

ಅವಳ ಮುಖ ಬಾಡಿತು. ಸೀಮೆಸುಣ್ಣ ಹಿಡಿದವಳು ನನ್ನ ಕಡೆ ತಿರುಗಿ ಕೇಳಿದಳು: “ಟೀಚರ್, ನಿನ್ನೆ ನಾನು ಬರ್ದಿದ್ದು ತಪ್ಪಾ?”

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಕಾದ ಮೇಲೆ ಈಗಷ್ಟೇ ಬಿಡುತ್ತಿರುವ ಬಾಯನ್ನು ಈ ಮನುಷ್ಯ ತನ್ನ ಮುಖಕ್ಕಾಗಿ ಮತ್ತೆ ಮುಚ್ಚಿಸುತ್ತಾರಲ್ಲ ಎಂದು. “ಏನೂ ತಪ್ಪಿಲ್ಲ ಮಗಾ, ನಿನ್ನೆಯ ಹಾಗೇ ಬರಿ,” ಎಂದವಳೇ ಹೆಡ್‌ಮಾಸ್ಟರ ಕೈಯಿಂದ ಫೋನ್ ಕಿತ್ತುಕೊಂಡು ಹಿಂದಿನ ಕ್ಯಾಮೆರಾ ಒತ್ತಿ ವಿಡಿಯೋ ಶುರುಮಾಡಿದೆ.

ಅವಳು ಬರೆಯತೊಡಗಿದಳು. ಹೆಡ್‌ಮಾಸ್ಟರು ಬಿಡುತ್ತಾರೆಯೇ, ಓಡಿಹೋಗಿ ಬೋರ್ಡಿನ ಮುಂದೆಯೇ ನಗುತ್ತಾ ನಿಂತರು. ಎರಡನೇ ಸಾಲು ಅವರ ಬೆನ್ನ ಹಿಂದೆ ಮರೆಯಾಯಿತು.

ಹುಡುಗಿ ಅವರನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದಳು.

“ಸರ್, ಸ್ವಲ್ಪ ಆಚೆ ನಿಲ್ಲಿ. ನಾನು ಬರ್ದಿದ್ದು ಕಾಣಲ್ಲ.”

ಅವರು ಸರಿದು ನಿಂತರು. ಆ ಮಾತನ್ನೂ ಕತ್ತರಿಸದೆ, ವಿಡಿಯೋವನ್ನು ಇದ್ದದ್ದು ಇದ್ದ ಹಾಗೆ ಗ್ರೂಪಿಗೆ ಹಾಕಿದೆ.