ಹಂಚು ಕಾಯುವಷ್ಟು ಹೊತ್ತಿನ ಮಾತು

ಚಿತ್ತವಾಡ್ಗಿಯ ನಮ್ಮ ಮನೆಯ ಹಿಂದೆ ತಗಡಿನ ಚಪ್ಪರದಡಿ ಆರು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಾರೆ. ನಾನು ಏಳನೆಯವಳು. ಹೊಸಪೇಟೆಯ ಖಾನಾವಳಿಗಳಿಗೆ, ಹಂಪಿಯ ಎರಡು ಹೋಟೆಲಿಗೆ, ಮದುವೆ ಬಂದರೆ ಕಂಪ್ಲಿ ಕಡೆಗೂ ನಮ್ಮ ರೊಟ್ಟಿ ಹೋಗುತ್ತದೆ. ಆ ಆರು ಮಂದಿಯಲ್ಲಿ ಒಬ್ಬಾಕೆಯ ಬಲಗೈ ಹಾಳಾಯಿತು. ಅದರಲ್ಲಿ ನನ್ನ ಪಾಲೂ ಇದೆ. ಯಾರೂ ನನ್ನ ಮುಂದೆ ಅದನ್ನು ಅನ್ನಲಿಲ್ಲ, ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಮೊದಲು ನಾವು ಬೆಳಿಗ್ಗೆ ಚಾಪೆ ಹಾಸಿಕೊಂಡು ಕೂತು, ಚಹಾ ಕುಡಿಯುತ್ತಾ ಆ ದಿನದ ಕೆಲಸ ಮಾತಾಡುತ್ತಿದ್ದೆವು. ಕೆಲಸದ ಮಾತು ಎರಡಾದರೆ ಅತ್ತೆಯ ಮಾತು ಇಪ್ಪತ್ತು. ಒಂದು ದಿನ ಹಂಪಿ ಹೋಟೆಲಿನವನು ಆಟೋ ತಂದಾಗ ರೊಟ್ಟಿ ಅರ್ಧವೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತು, ಇನ್ನೊಂದು ಸಲ ಹಿಂಗಾದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಅಂದು ಹೋದ.

ನನ್ನ ಸೊಸೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಈ ಸುದ್ದಿ ಹೇಳಿದೆ. ತಮ್ಮಲ್ಲಿ ಪಾಳಿ ಶುರುವಾಗುವ ಮುಂಚೆ ಎಲ್ಲರೂ ನಿಂತೇ ಮಾತಾಡುತ್ತಾರೆ, ಯಾರೂ ಕೂಡುವಂತಿಲ್ಲ ಅಂದಳು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಅಡ್ಡಿ ಏನೈತಿ, ಈ ಮೂರೇ ಮಾತು. ಅವಳು ಇನ್ನೂ ಏನೋ ಹೇಳುತ್ತಿದ್ದಳು. ಸಾಕು ಬಿಡವ್ವಾ, ತಿಳೀತು ಅಂತ ನಾನು ಎದ್ದೆ.

ಮರುದಿನ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದೆ. ಒಲೆ ಹೊತ್ತಿಸಿ ಹಂಚು ಇಡುವುದು, ಸುತ್ತ ಎಲ್ಲರೂ ನಿಲ್ಲುವುದು, ಹಂಚು ಕಾಯುವುದರೊಳಗೆ ಏಳು ಮಂದಿಯ ಮಾತು ಮುಗಿಯಬೇಕು. ನಾನು ಚೊಂಬು ಹಿಡಿದು ನಿಲ್ಲುತ್ತಿದ್ದೆ. ಹಂಚಿನ ಮೇಲೆ ನೀರು ಚಿಮುಕಿಸಿದಾಗ ಚುರ್ ಅಂದರೆ ಮುಗಿಯಿತು. ಮಾತಾಡುತ್ತಿದ್ದವಳು ನಡುವೆಯೇ ಬಾಯಿ ಮುಚ್ಚಿ ಕೆಲಸಕ್ಕೆ ಕೂಡಬೇಕು.

ಇದರಿಂದ ಒಳ್ಳೆಯದಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಿಟ್ಟು ಮುಗಿಯುವುದು ಒಂದು ದಿನ ಮುಂಚೆಯೇ ತಿಳಿಯತೊಡಗಿತು. ಮಗುವಿಗೆ ಜ್ವರ ಬಂದವಳು ಬೇಗ ಹೋಗಬೇಕಾದರೆ ಅವಳ ಪಾಲನ್ನು ಇನ್ನೊಬ್ಬಳು ಮೊದಲೇ ತೆಗೆದುಕೊಳ್ಳುತ್ತಿದ್ದಳು. ಆಟೋ ಬರುವ ಮುಂಚೆ ರೊಟ್ಟಿ ಬುಟ್ಟಿ ತುಂಬಿರುತ್ತಿತ್ತು. ನನಗೆ ಸೊಕ್ಕು ಬಂತು.

ಪಾಪಿನಾಯಕನಹಳ್ಳಿಯಿಂದ ಬಸ್ಸಿಗೆ ಬರುವವಳು ಒಬ್ಬಳಿದ್ದಳು. ಎಲ್ಲರಿಗಿಂತ ಮಾತು ಕಡಿಮೆ. ತನ್ನ ಸರದಿ ಬಂದರೆ, ನಿನ್ನೀದು ಮುಗದೈತಿ, ಇವತ್ತು ನಾದೋದು ನಂದು, ಅಡ್ಡಿ ಏನಿಲ್ರಿ, ಇಷ್ಟೇ. ಅವಳನ್ನು ನೋಡಿ ಕಲೀರಿ ಅಂತ ಉಳಿದವರಿಗೆ ಎಷ್ಟು ಸಲ ಅಂದೆನೋ. ಕುದಿಯುವ ಎಸರು ಹೊಯ್ದ ಹಿಟ್ಟನ್ನು ನಾವೆಲ್ಲ ಸೌಟಿನಿಂದ ತಿರುವಿ, ಊದಿ, ಆಮೇಲೆ ಕೈ ಹಾಕುವವರು. ಅವಳು ನೇರ ಕೈ ಹಾಕುತ್ತಿದ್ದಳು. ನಮ್ಮಲ್ಲಿ ಬಾಯಿಜೋರಿನವಳೊಬ್ಬಳು, "ಅಕಿ ಕೈ ಕಾರ್ಖಾನ್ಯಾಗ ಎರಕ ಹೊಯ್ಸ್ಯಾರ್ರಿ" ಅಂದಳು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಕೈ ಅಂದರೆ ಇಂಥದ್ದಿರಬೇಕು ಅಂದೆ ನಾನು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ರೊಟ್ಟಿ ತಿರುವಿ ಹಾಕಿ, ಪಕ್ಕದವಳ ಕಡೆ ತಿರುಗಿ ಏನೋ ಕೇಳುತ್ತಿದ್ದಳು. ವಾಸನೆ ಬಂತು. ರೊಟ್ಟಿ ಸೀದ ವಾಸನೆಯಲ್ಲ. ನೋಡಿದರೆ ಅವಳ ಎರಡು ಬೆರಳು ಹಂಚಿನ ಅಂಚಿನ ಮೇಲಿದ್ದವು, ಅವಳು ಮಾತಾಡುತ್ತಲೇ ಇದ್ದಳು. ನಾನು ಮೊಣಕೈ ಹಿಡಿದು ಎಳೆದೆ.

"ಏನಾತ್ರೀ ಅಮ್ಮಾ?" ಅಂದಳು.

ಕೈಗೆ ಮೆತ್ತಿದ್ದ ಹಿಟ್ಟು ತೊಳೆದಾಗ ಹಳೆಯ ಬೊಬ್ಬೆಗಳೂ ಕಂಡವು, ಅರಿಶಿಣ ಹಚ್ಚಿ ಮುಚ್ಚಿಕೊಂಡಿದ್ದಳು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿದೆ, ಕೈಕಾಲಿನ ಸ್ಪರ್ಶವೇ ಹೋಗಿದೆ ಅಂದರು ಡಾಕ್ಟರು. ಗಾಯ ಮಾಯಲಿಲ್ಲ, ಕೊಳೆಯಿತು. ಎರಡು ಬೆರಳಿನ ತುದಿ ತೆಗೆದರು. ಇನ್ನು ಮುಂದೆ ಬೆಂಕಿಯ ಹತ್ತಿರ ಕೆಲಸ ಬೇಡ ಅಂದರು. ಅವಳಿಗೆ ಬರುತ್ತಿದ್ದದ್ದು ರೊಟ್ಟಿ ಬಡಿಯುವುದೊಂದೇ.

ಅವಳ ಮನೆಗೆ ಹೋಗಿ ಕೂತು ಬೈದೆ. ನನಗೆ ಬೇರೆ ಥರ ಕೇಳಲು ಬರುವುದಿಲ್ಲ. "ದಿನಾ ಬೆಳಿಗ್ಗೆ ಅಡ್ಡಿ ಏನೈತಿ ಅಂತ ಕೇಳ್ತಿದ್ನಲ್ಲಲೇ, ಬಾಯಿ ಸತ್ತಿತ್ತೇನು ನಿಂದು?"

ಅವಳು ಪಟ್ಟಿ ಕಟ್ಟಿದ ಕೈ ನೋಡುತ್ತಾ ಹೇಳಿದಳು: "ಒಂದಿನ ಹೇಳಾಕ ಹತ್ತಿದ್ನಿರಿ. ಕೈ ಜೋಮು ಹಿಡದಂಗ ಆಗತೈತಿ ಅಂತ. ನೀವು ನೀರು ಹೊಡದ್ರಿ. ಎಲ್ಲಾರೂ ಕುಂತ್ರು, ನಾನೂ ಕುಂತ್ನಿ."

"ಮರುದಿನ ಹೇಳಬೇಕಿತ್ತು."

"ಮರುದಿನ ನೀವು ನನ್ನ ಕೈ ಹೊಗಳಿದ್ರಿ."

ಹೊಗಳಿದ್ದು ನೆನಪಿದೆ. ಅವಳ ಮಾತು ಕಡಿದದ್ದು ನೆನಪಿಲ್ಲ. ಎಷ್ಟು ಹುಡುಕಿದರೂ ಆ ದಿನ ಸಿಗುವುದಿಲ್ಲ, ಯಾಕಂದರೆ ನಾನು ದಿನಾ ಯಾರದಾದರೂ ಮಾತಿನ ಮೇಲೆ ನೀರು ಹೊಡೆಯುತ್ತಿದ್ದೆ.

ಮನೆಗೆ ಬಂದು ಸೊಸೆಯನ್ನು ಕೇಳಿದೆ, ನಿಮ್ಮಲ್ಲಿ ಅಡ್ಡಿ ಹೇಳಿದವಳ ಮಾತು ಉದ್ದವಾದರೆ ಏನು ಮಾಡುತ್ತೀರಿ ಅಂತ. ಅಲ್ಲಿಗೆ ನಿಲ್ಲಿಸಿ, ಎಲ್ಲರನ್ನೂ ಕೆಲಸಕ್ಕೆ ಕಳಿಸಿ, ಅವಳೊಬ್ಬಳನ್ನು ಪಕ್ಕಕ್ಕೆ ಕರೆದು ಪೂರ್ತಿ ಕೇಳುತ್ತೇವೆ ಅಂದಳು. "ಅವತ್ತೇ ಹೇಳಾಕ ಬಂದಿದ್ದೆ ಅತ್ತೀ, ನೀವು ಎದ್ದು ಹೋದ್ರಿ." ಅವಳ ಮುಖ ನೋಡಲಾಗಲಿಲ್ಲ. ಜೋಳ ಹಸನು ಮಾಡಲು ಕೂತೆ.

ಚಾಪೆಯನ್ನು ಅಟ್ಟದಿಂದ ಇಳಿಸಿಲ್ಲ. ಈಗಲೂ ನಿಂತೇ ಮಾತಾಡುತ್ತೇವೆ, ಹಂಚು ಕಾಯುವಷ್ಟೇ ಹೊತ್ತು. ಆದರೆ ಅಡ್ಡಿಯ ಮಾತು ಮೊದಲು, ನಿನ್ನೆಯದು ಕೊನೆಗೆ. ಎಲ್ಲರೂ ಎರಡೂ ಅಂಗೈ ಮುಂದೆ ಚಾಚಬೇಕು, ನಾನೂ ಚಾಚುತ್ತೇನೆ. ಮಾತು ಮುಗಿಯದವಳು, ಎಲ್ಲರೂ ಕೆಲಸಕ್ಕೆ ಕೂತ ಮೇಲೆ ನನ್ನ ಹತ್ತಿರ ನಿಂತು ಪೂರ್ತಿ ಹೇಳಬೇಕು.

ಎರಡು ತಿಂಗಳಾದ ಮೇಲೆ ಪಾಪಿನಾಯಕನಹಳ್ಳಿಯವಳು ಮತ್ತೆ ಬಂದಳು. ಒಲೆಯಿಂದ ದೂರ ಕೂತು ಎಡಗೈಯಲ್ಲಿ ಕಡಕ್ ರೊಟ್ಟಿ ಜೋಡಿಸಿ ಪೇಪರಿನಲ್ಲಿ ಸುತ್ತುತ್ತಾಳೆ. ಮುಂಚೆ ಕೈ ಇಟ್ಟರೆ ಮುಗಿಯುತ್ತಿದ್ದ ಕೆಲಸ ಈಗ ಎಳೆಯುತ್ತದೆ, ರೊಟ್ಟಿ ಮುರಿಯುತ್ತವೆ. ಮುರಿದರೆ ನನ್ನ ಮುಖ ನೋಡುತ್ತಾಳೆ.

ಮತ್ತೆ ಬಂದ ಮೊದಲ ದಿನ ಅವಳ ಸರದಿ ಬಂತು. ಬೆರಳ ತುದಿಯಿಲ್ಲದ ಕೈಯನ್ನೂ ಚಾಚಿದಳು.

"ಅಡ್ಡಿ ಏನಿಲ್ರಿ," ಅಂದಳು.

ಹಂಚು ಹೊಗೆಯಾಡುತ್ತಿತ್ತು. ಎಲ್ಲರೂ ನನ್ನ ಕೈಯ ಚೊಂಬು ನೋಡುತ್ತಿದ್ದರು. ನಾನು ನೀರು ಹೊಡೆಯಲಿಲ್ಲ. ಇನ್ನೇನಾದರೂ ಹೇಳುತ್ತಾಳೇನೋ ಅಂತ ಹಂಗೇ ನಿಂತೆ, ಅವಳೂ ನಿಂತಳು. ಕೊನೆಗೆ ಅವಳು ಕೈ ಹಿಂದಕ್ಕೆ ತೆಗೆದುಕೊಂಡು ರೊಟ್ಟಿ ಜೋಡಿಸಲು ಹೋಗಿ ಕೂತಳು. ಆ ದಿನದ ಮೊದಲ ರೊಟ್ಟಿ ಹಾಕಿದ ಕೂಡಲೇ ಕರಕಾಯಿತು.