ಫ್ಯಾಮಿಲಿ ಕ್ಯಾಂಪಿನಲ್ಲಿ ಒಬ್ಬನೇ

ಕುವೈತಿನಲ್ಲಿ ಡ್ರೈವರಾಗಿದ್ದಾಗ ಮಾಲೀಕರ ಗಾಲಿಮನೆ ಕ್ಯಾರವಾನನ್ನು ಶುವೈಖ್ ಬಡಾವಣೆಯಿಂದ ಜೀಪಿಗೆ ಕಟ್ಟಿ ಎಳೆದುಕೊಂಡು ಮರುಭೂಮಿಯ ಕ್ಯಾಂಪಿಗೆ ಹೋಗಿದ್ದೆ. ಅವರ ಸಂಸಾರ ಮರುದಿನ ಬರುವುದಿತ್ತು. ಅಷ್ಟರಲ್ಲಿ ನಾನು ಜಾಗ ಹಿಡಿದು, ನೀರು, ಕರೆಂಟು ಜೋಡಿಸಿಡಬೇಕಿತ್ತು. ಗೇಟಿನಲ್ಲಿದ್ದ ಈಜಿಪ್ಟಿನ ಮುದುಕ ಹರಕುಮುರುಕು ಹಿಂದಿಯಲ್ಲಿ ತಡೆದ.

“ಒಂಟಿಯಾಗಿ ಬರುವ ಬ್ಯಾಚುಲರ್‌ಗಳನ್ನು ಬಿಡುವುದಿಲ್ಲ. ನಿನ್ನ ಫ್ಯಾಮಿಲಿ ಎಲ್ಲಿ?”

“ಪುತ್ತೂರಿನಲ್ಲಿ.”

“ಅದು ಎಷ್ಟನೇ ನಂಬರ್ ಟೆಂಟು?”

ಸಿವಿಲ್ ಐಡಿ ಗುರುತಿನ ಚೀಟಿಯ ಹಿಂದಿಟ್ಟಿದ್ದ ಫೋಟೋ ತೋರಿಸಿದೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವನು ಬಹಳ ಹೊತ್ತು ನೋಡಿದ. “ನನ್ನವರೂ ಊರಲ್ಲೇ” ಎಂದವನು ರಿಜಿಸ್ಟರಿನಲ್ಲಿ ನಾಲ್ಕು ಜನ ಎಂದು ಬರೆದು ಗೇಟು ತೆಗೆದ.

ಸಂಜೆ ಸುತ್ತಲಿನ ಟೆಂಟುಗಳಲ್ಲಿ ಮಕ್ಕಳ ಗಲಾಟೆ. ಆರು ಹಾಸಿಗೆಯ ಕ್ಯಾರವಾನಿನಲ್ಲಿ ನಾನೊಬ್ಬನೇ ಕುಳಿತು ಖುಬ್ಬೂಸ್ ರೊಟ್ಟಿ ತಿಂದೆ.

ಫ್ಯಾಮಿಲಿ ವೀಸಾಕ್ಕೆ ಬೇಕಾದಷ್ಟು ಸಂಬಳ ನನಗೆ ಬರಲಿಲ್ಲ, ಊರಲ್ಲಿದ್ದವರ ವೀಸಾ ಕೊನೆಗೂ ಆಗಲಿಲ್ಲ. ನನ್ನ ಹೆಂಡತಿ ಮಕ್ಕಳು ಕುವೈತಿಗೆ ಬಂದಿದ್ದರು ಎನ್ನುವುದಕ್ಕೆ ಇರುವ ದಾಖಲೆ ಆ ಮುದುಕನ ಕೈಬರಹ ಒಂದೇ.