ಎಳೀತದಾ ನೋಡ್ಬೇಕು

ಹನೂರಿನ ಕಲ್ಯಾಣ ಮಂಟಪವೊಂದರ ಮ್ಯಾನೇಜರಾದ ನನಗೆ ಮದುವೆಯ ದಿನ ಹೆಣ್ಣಿನ ತಂದೆಗಿಂತ ಹೆಚ್ಚು ನಡುಕ. ಕರೆಂಟು ಹೋದಾಗ ಜನರೇಟರ್ ಸ್ಟಾರ್ಟ್ ಆಗದಿದ್ದರೆ? ಅದಕ್ಕೇ ಅದರ ಬ್ಯಾಟರಿ ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಬರುತ್ತಿದ್ದರು. ಟರ್ಮಿನಲ್ಲಿಗೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು, ವ್ಯಾಸಲೀನ್ ಸವರಿ, ಬೆರಳಲ್ಲಿ ಉಳಿದದ್ದನ್ನು ಮೀಸೆಗೆ ತೀಡುತ್ತಿದ್ದರು.

ನಾನು ಮೀಟರ್ ಹಿಡಿದು, "ವೋಲ್ಟೇಜ್ ಸರಿಯಾಗಿದೆಯಲ್ಲಾ?" ಎಂದರೆ ನಗುವರು. "ಸುಮ್ಕೆ ಕುಂತಿರೋವಾಗ ಎಲ್ಲಾ ಚೆಂದಾಗೇ ಕಾಣ್ತವೆ. ಸೆಲ್ಫ್ ಸ್ಟಾರ್ಟ್ ಒಡ್ದಾಗ ಇಂಜಿನ್ನ ಎಳೀತದಾ ನೋಡ್ಬೇಕು ಸಾ." ಎತ್ತು ಕೊಳ್ಳುವಾಗಲೂ ಓಟು ಹಾಕುವಾಗಲೂ ಅವರದು ಇದೇ ಪ್ರಶ್ನೆ: ಎಳೀತದಾ?

ಒಂದು ಭಾನುವಾರ ಅವರ ಮಗಳನ್ನು ನೋಡಲು ಲೊಕ್ಕನಹಳ್ಳಿಯವರು ನಮ್ಮ ಮಂಟಪಕ್ಕೇ ಬಂದರು. ಹುಡುಗನದು ಬಿಳಿ ಶರ್ಟು, ಮುಚ್ಚಿದ ಬಾಯಿ. ಅವನ ಗುಣಗಾನವೆಲ್ಲ ಅವನ ಅಮ್ಮನದೇ. ಹುಡುಗಿಗೆ ಒಪ್ಪಿಗೆ, ಅಪ್ಪನಿಗೆ ಅನುಮಾನ. ಉಪ್ಪಿಟ್ಟು ಮುಗಿದದ್ದೇ ತಡ, ಅವರು ಹುಡುಗನನ್ನು ಜನರೇಟರ್ ಹತ್ತಿರ ಕರೆದೊಯ್ದರು. ನಾವೂ ಹಿಂದೆ ಹೋದೆವು.

"ಆ ಬ್ಯಾಟ್ರಿ ವಸಿ ಈಚ್ಗೆ ಎತ್ತಿಡಪ್ಪಾ."

"ಅಯ್ಯೋ, ಆಸಿಡ್ಡು! ಶರ್ಟು!" ಎಂದು ಕಿರುಚಿದ್ದು ಹುಡುಗನ ಅಮ್ಮನಲ್ಲ, ನಾನು.

ಹುಡುಗ ತೋಳು ಮಡಿಸಿ, ಬಗ್ಗಿ ನೋಡಿ, ಮೊದಲ ಸಲ ಬಾಯಿಬಿಟ್ಟ: "ವಯರ್ ಬಿಚ್ದೆ ಎತ್ತು ಅಂತೀರಲ್ಲಾ ಮಾವ? ಮೊದ್ಲು ಸ್ಪ್ಯಾನರ್ ಕೊಡಿ."

ಆಗಲೇ ಮಾವ! ಬಾಗಿಲ ಹಿಂದೆ ಹುಡುಗಿ ಕಿಸಕ್ಕೆಂದಳು. ಅವರು ಗಂಭೀರವಾಗಿ ವ್ಯಾಸಲೀನ್ ಡಬ್ಬಿಗೆ ಬೆರಳಿಟ್ಟು, ಮೀಸೆ ತೀಡಿ, ನನ್ನ ಕಿವಿಯಲ್ಲಿ ಹೇಳಿದರು:

"ಎಳೀತದೆ ಸಾ."